ರಕ್ತ ಹೆಪ್ಪುಗಟ್ಟುವುದೇಕೆ? ಬಾಣಂತಿಗೆ ನೀರು ಬೇಡವೇ?

ಹಾಲಿಗೆ ಹೆಪ್ಪು ಹಾಕಿದ ಮೇಲೆ ಪಾತ್ರೆ ಅಲುಗಾಡಿಸಬಾರದು ಎಂದು ಮನೆಯಲ್ಲಿ ಹೇಳುವುದನ್ನು ವಿದ್ಯಾರ್ಥಿಗಳೆಲ್ಲ ಕೇಳಿದ್ದೀರಿ. ರಕ್ತಕ್ಕೂ ನಾವು ಅದೇ ‘ಹೆಪ್ಪು’ ಪದ ಬಳಸುತ್ತೇವೆ. ಎರಡರ ರಸಾಯನ ಕ್ರಿಯೆ ಬೇರೆ. ಆದರೆ ದ್ರವದಲ್ಲಿದ್ದ ಪ್ರೋಟೀನು ಗಟ್ಟಿಯಾಗುವುದು ಎರಡರಲ್ಲೂ ಉಂಟು.

ಕಬ್ಬು ಕಡಿಯುವಾಗ ಬೆರಳಿಗೆ ಮಚ್ಚು ತಗುಲಿತೆನ್ನಿ. ರಕ್ತದ ಕಿರುತಟ್ಟೆಗಳು ಗಾಯದ ಬಾಯಿಗೆ ಅಂಟಿಕೊಳ್ಳುತ್ತವೆ. ಫೈಬ್ರಿನೋಜೆನ್ ಎಂಬ ಪ್ರೋಟೀನು ಫೈಬ್ರಿನ್ ಎಳೆಗಳಾಗಿ ಬಲೆ ಹೆಣೆಯುತ್ತದೆ. ರಕ್ತಕಣಗಳು ಅದರಲ್ಲಿ ಸಿಕ್ಕಿ ಸೋರಿಕೆ ನಿಲ್ಲುತ್ತದೆ. ಇದು ಪ್ರಾಣ ಉಳಿಸುವ ಹೆಪ್ಪು. ಇದೇ ಬಲೆ ರಕ್ತನಾಳದೊಳಗೆ ಅಕಾರಣವಾಗಿ ಕಟ್ಟಿದರೆ ಪ್ರಾಣಕ್ಕೇ ಸಂಚಕಾರ.

ಹೀಗೇಕಾಗುತ್ತದೆ? 19ನೆಯ ಶತಮಾನದ ಜರ್ಮನ್ ವೈದ್ಯ ರುಡಾಲ್ಫ್ ವಿರ್ಚೋ ಅವರ ಹೆಸರಿನಲ್ಲಿ ಮೂರು ಕಾರಣಗಳನ್ನು ಹೇಳುತ್ತಾರೆ: ರಕ್ತನಾಳದ ಗೋಡೆಗೆ ಪೆಟ್ಟು, ರಕ್ತದ ಓಟ ನಿಧಾನವಾಗುವುದು, ರಕ್ತಕ್ಕೇ ಹೆಪ್ಪುಗಟ್ಟುವ ಗುಣ ಹೆಚ್ಚುವುದು. ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರಿನ ರಭಸ ತಗ್ಗಿದೆಡೆ ಹೂಳು ಕೂರುವುದಿಲ್ಲವೇ? ಓಟ ತಗ್ಗಿದ ರಕ್ತದಲ್ಲೂ ಹೆಪ್ಪು ಕೂರುವುದು ಸುಲಭ.

ಈ ಮೂರೂ ಒಟ್ಟಿಗೆ ಸೇರುವ ಸಮಯವೊಂದಿದೆ; ಅದೇ ಬಾಣಂತನ. ಹೆರಿಗೆಯಲ್ಲಿ ಅತಿಯಾಗಿ ರಕ್ತ ಹೋಗದಿರಲೆಂದು ಗರ್ಭಿಣಿಯ ರಕ್ತಕ್ಕೆ ಪ್ರಕೃತಿಯೇ ಹೆಪ್ಪುಗಟ್ಟುವ ಗುಣವನ್ನು ಹೆಚ್ಚಿಸಿರುತ್ತದೆ. ಹೆರಿಗೆಯ ನಂತರವೂ ಸುಮಾರು 6 ವಾರ ಅದರ ಪ್ರಭಾವವಿರುತ್ತದೆ. ಹೆರಿಗೆಯಲ್ಲಿ ರಕ್ತನಾಳಗಳಿಗೆ ಪೆಟ್ಟೂ ಆಗಿರುತ್ತದೆ. ಇದರ ಮೇಲೆ ಬಾಣಂತಿ ಸದಾ ಮಲಗಿಯೇ ಇದ್ದರೆ ಕಾಲಿನ ರಕ್ತದ ಓಟ ತಗ್ಗುತ್ತದೆ. ‘ನೀರು ಕುಡಿದರೆ ಹೊಟ್ಟೆ ಬರುತ್ತದೆ, ಮಗುವಿಗೆ ಶೀತವಾಗುತ್ತದೆ’ ಎಂದು ನೀರನ್ನೂ ಬಿಗಿಹಿಡಿದರೆ, ಆಲೆಮನೆಯ ಕೊಪ್ಪರಿಗೆಯಲ್ಲಿ ನೀರಾರಿದ ಕಬ್ಬಿನ ಹಾಲಿನಂತೆ ರಕ್ತ ಮಂದವಾಗುತ್ತದೆ.

ಬಾಣಂತಿಯರ ಮಿದುಳಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವ ರೋಗವನ್ನು ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಬಹುಕಾಲದಿಂದ ಅಧ್ಯಯನ ಮಾಡಿದ್ದಾರೆ. ಡಾ. ಡಿ. ನಾಗರಾಜ ಮತ್ತು ಸಂಗಡಿಗರು ಹೆಪ್ಪು ಬೆಳೆಯದಂತೆ ತಡೆಯುವ ಹೆಪಾರಿನ್ ಔಷಧಿ ಇಂಥ ಬಾಣಂತಿಯರಿಗೆ ಉಪಯುಕ್ತವೆಂದು 1999ರಲ್ಲಿ ಪ್ರಕಟಿಸಿದರು. ಅಂದರೆ ಇದಕ್ಕೆ ಚಿಕಿತ್ಸೆಯಿದೆ. ವೇಳೆ ಮೀರಬಾರದು, ಅಷ್ಟೆ.

ತಾಯಂದಿರೇ, ಲಕ್ಷಣಗಳನ್ನು ನೆನಪಿಡಿ. ಒಂದೇ ಕಾಲು ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಬಿಡದ ತಲೆನೋವು ಮತ್ತು ವಾಂತಿ, ಫಿಟ್ಸ್, ಒಂದು ಪಕ್ಕದ ಕೈಕಾಲು ಸೋಲುವುದು – ಇವು ಗಾಳಿ ಸೋಕಿದ್ದಲ್ಲ, ಬರಿಯ ಸನ್ನಿಯೂ ಅಲ್ಲ. ಊದಿದ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕಬೇಡಿ. ತಾಯತಕ್ಕೆ ಅಲೆಯದೆ 108ಕ್ಕೆ ಕರೆ ಮಾಡಿ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಎಲ್ಲೆಡೆ ತಾಲ್ಲೂಕು ಆಸ್ಪತ್ರೆಗಳಿವೆ; ಹೆಚ್ಚಿನ ಚಿಕಿತ್ಸೆಗೆ ಮಂಡ್ಯ, ಮೈಸೂರು ದೂರವಲ್ಲ.

ಬಾಣಂತಿ ಬೆಚ್ಚಗಿರಲಿ, ದಣಿಯದಿರಲಿ ಎಂಬ ಅಜ್ಜಿಯರ ಕಾಳಜಿ ದೊಡ್ಡದು. ಅದನ್ನು ಬಿಡಬೇಕಿಲ್ಲ. ಕಾದಾರಿದ ಬೆಚ್ಚನೆಯ ನೀರನ್ನೇ ಕೊಡಿ, ಬಾಯಾರಿದಾಗಲೆಲ್ಲ ಕೊಡಿ. ಹಾಲುಣಿಸುವ ತಾಯಿಗೆ ನೀರು ಇನ್ನೂ ಹೆಚ್ಚು ಬೇಕು. ವೈದ್ಯರು ಒಪ್ಪಿದ ದಿನದಿಂದಲೇ ಮನೆಯೊಳಗೆ ನಾಲ್ಕು ಹೆಜ್ಜೆ ನಡೆಯಲಿ. ಮಲಗಿದ್ದಾಗ ಪಾದ ಆಡಿಸಲಿ. ಮನೆತನದಲ್ಲಿ ಯಾರಿಗಾದರೂ ಹಿಂದೆ ಹೀಗೆ ಹೆಪ್ಪುಗಟ್ಟಿದ್ದರೆ ಹೆರಿಗೆಗೆ ಮುಂಚೆಯೇ ವೈದ್ಯರಿಗೆ ತಿಳಿಸಿ.

ಮಕ್ಕಳೇ, ಅಕ್ಕನೋ ಅತ್ತಿಗೆಯೋ ಬಾಣಂತನಕ್ಕೆ ಮನೆಗೆ ಬಂದಿದ್ದರೆ ಒಂದು ಚೊಂಬು ನೀರು ಅವರ ಕೈಗೆಟಕುವಂತೆ ಇಡುವ ಕೆಲಸ ನಿಮ್ಮದಾಗಲಿ. ಏಕೆಂದು ಅಜ್ಜಿ ಕೇಳಿದರೆ ಆಲೆಮನೆಯ ಕೊಪ್ಪರಿಗೆಯ ಉದಾಹರಣೆ ಹೇಳಿ. ಅವರಿಗೆ ಚೆನ್ನಾಗಿ ಅರ್ಥವಾಗುತ್ತದೆ.