ಬಿಚ್ಚಲು ಬರುವಂತೆ ಕಟ್ಟುವುದು

ಚಂದ್ರಾ ಲೇಔಟಿನಲ್ಲಿ ನಮ್ಮ ದೊಡ್ಡಮ್ಮನ ಮನೆ ಎದುರಿಗೆ ಹೋದ ವರ್ಷ ಹಳೇ ಮನೆಯೊಂದನ್ನು ಕೆಡವಿ ಕಟ್ಟುತ್ತಿದ್ದರು. ಮೂವತ್ತು-ನಲವತ್ತರ ಸೈಟಿನ ಒಂಟಿ ಮನೆಗಳೆಲ್ಲ ಅಲ್ಲಿ ಒಂದೊಂದಾಗಿ ಮೂರಂತಸ್ತು ಆಗುತ್ತಿವೆ. ಗಾರೆ ಕೆಲಸ ನೋಡಬೇಕೆಂದರೆ ಗೇಟು ದಾಟಿದರೆ ಸಾಕು. ಬಚ್ಚಲುಮನೆಯ ಟೈಲ್ಸ್ ಸಂದಿಗೆ ಗ್ರೌಟ್ ತುಂಬಿದ ಮೇಸ್ತ್ರಿ ಸ್ವಲ್ಪ ಹೊತ್ತು ಕಾದ. ಬಕೆಟ್ಟಿನಲ್ಲಿ ಸ್ಪಂಜು ಅದ್ದಿ, ಹಿಂಡಿ, ಸಂದಿಗೆ ಅಡ್ಡಲಾಗಿ ಎಳೆದ. ನೀರು ಬದಲಾಯಿಸಿ ಮತ್ತೆ ಎಳೆದ. ಆಮೇಲೆ ಒಣಬಟ್ಟೆಯಲ್ಲಿ ಮೂಲೆಮೂಲೆ ಒರೆಸಿ, ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ, ಕಿಟಕಿಯ ಬೆಳಕಿನಲ್ಲಿ ಓರೆಗಣ್ಣಿಟ್ಟು ನೋಡಿದ. “ಈಗಾದ್ರೆ ಬಟ್ಟೇಲಿ ಹೋಗುತ್ತೆ ಸಾರ್, ನಾಳೆಗೆ ಬಿಟ್ರೆ ಆಸಿಡ್ ಹಾಕಿ ಉಜ್ಜಬೇಕು” ಅಂದ. ತುಂಬಲು ಹಿಡಿದದ್ದಕ್ಕಿಂತ ಹೆಚ್ಚು ಹೊತ್ತು ಅವನಿಗೆ ಒರೆಸಲು ಹಿಡಿಯಿತು.

ನಾನು ಅಷ್ಟು ಹೊತ್ತು ನಿಂತು ನೋಡಿದ್ದಕ್ಕೆ ಕಾರಣವಿತ್ತು. ಅದೇ ವಾರ ದೊಡ್ಡಮ್ಮನ ಒಸಡಿನೊಳಗಿಂದ ಸಿಮೆಂಟಿನ ಚೂರೊಂದು ಹೊರಬಂದಿತ್ತು.

ಕೆಳದವಡೆಯ ಹಲ್ಲೊಂದನ್ನು ಕೀಳಿಸಿ ಆ ಜಾಗಕ್ಕೆ ಅವರು ಇಂಪ್ಲಾಂಟ್ ಹಾಕಿಸಿಕೊಂಡಿದ್ದರು. ಪೆನ್ಷನ್ ದುಡ್ಡಿನಲ್ಲಿ ಕೂಡಿಟ್ಟು ಮಾಡಿಸಿಕೊಂಡದ್ದು. ಒಂದೂವರೆ ವರ್ಷ ಚಕ್ಕುಲಿ ಕಡಿಯುವಷ್ಟು ಚೆನ್ನಾಗಿತ್ತು. ಆಮೇಲೆ ಬ್ರಶ್ ಮಾಡುವಾಗ ರಕ್ತ ಬರತೊಡಗಿತು, ಒಸಡು ಊದಿಕೊಂಡಿತು, ಬೆರಳಿನಿಂದ ಒತ್ತಿದರೆ ಕೀವು. ಹಾಕಿದ ಕ್ಲಿನಿಕ್ಕಿಗೆ ಹೋದರೆ ಎಕ್ಸ್-ರೇ ತೆಗೆದು, “ಎಲ್ಲ ಸರಿಯಾಗಿದೆ ಅಮ್ಮ, ನೀವು ಸರಿಯಾಗಿ ಉಜ್ಜುತ್ತಿಲ್ಲ, ಶುಗರ್ ಬೇರೆ ಇದೆಯಲ್ಲ” ಎಂದು ಮಾತ್ರೆ ಬರೆದು ಕಳಿಸಿದರು. ಹೀಗೆ ಮೂರು ಸಲ. ಮೂರನೆಯ ಸಲ ಹೊರಬಂದಾಗ ದೊಡ್ಡಮ್ಮ, “ನಾನೇ ಎಲ್ಲೋ ಎಡವಿದ್ದೀನಿ ಕಣೋ” ಅಂದರು. ಅರವತ್ತೆಂಟು ವರ್ಷ ದಿನಕ್ಕೆರಡು ಸಲ ಹಲ್ಲುಜ್ಜಿದ ಹೆಂಗಸು ತನ್ನ ಕೈಯನ್ನೇ ಅನುಮಾನಿಸತೊಡಗಿದ್ದು ನನಗೆ ಕೀವಿಗಿಂತ ಹೆಚ್ಚು ನೋವು ಕೊಟ್ಟಿತು.

ಬೇರೊಬ್ಬ ಡಾಕ್ಟರ್ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಒಸಡನ್ನು ಸ್ವಲ್ಪ ಸರಿಸಿ, ಕೊಕ್ಕೆಯಂಥ ಸಣ್ಣ ಸಲಕರಣೆಯಿಂದ ಕೆರೆದರು. ಹತ್ತಿಬಟ್ಟೆಯ ಮೇಲೆ ಇಟ್ಟು ತೋರಿಸಿದ ಆ ಚೂರು ಎಳ್ಳಿಗಿಂತ ತುಸು ದೊಡ್ಡದು. ಹಳದಿಬಿಳಿ ಬಣ್ಣ, ಒಂದು ಅಂಚು ಬ್ಲೇಡಿನ ಹಾಗೆ ಚೂಪು. ಕ್ಯಾಪ್ ಕೂರಿಸಿದ ದಿನ ಒತ್ತಡಕ್ಕೆ ಹೊರಗೆ ಉಕ್ಕಿ, ಯಾರ ಕಣ್ಣಿಗೂ ಬೀಳದೆ ಒಳಗೇ ಗಟ್ಟಿಯಾಗಿ ಕೂತಿದ್ದ ಅಂಟು ಅದು.

ಇಂಥದ್ದು ಹೇಗೆ ಆಗುತ್ತದೆ ಎನ್ನುವುದನ್ನು ಬಿಡಿಸಿ ಹೇಳಬೇಕು. ಇಂಪ್ಲಾಂಟ್ ಎಂದರೆ ದವಡೆ ಮೂಳೆಯೊಳಗೆ ಕೂರಿಸುವ ಟೈಟಾನಿಯಂ ತಿರುಪು. ಅದರ ಮೇಲೆ ಅಬಟ್‌ಮೆಂಟ್ ಎನ್ನುವ ಗಿಡ್ಡ ಕಂಬ, ಕಂಬದ ಮೇಲೆ ಹಲ್ಲಿನ ಆಕಾರದ ಕ್ಯಾಪ್. ಕ್ಯಾಪನ್ನು ಸ್ಕ್ರೂನಿಂದ ಬಿಗಿಯಬಹುದು, ಇಲ್ಲವೇ ಸಿಮೆಂಟಿನಿಂದ ಅಂಟಿಸಬಹುದು. ಹುಟ್ಟಿದ ಹಲ್ಲಿನ ಬೇರಿಗೆ ಒಸಡಿನ ನಾರುಗಳು ಅಡ್ಡಲಾಗಿ ನಾಟಿಕೊಂಡಿರುತ್ತವೆ. ಹೊರಗಿನದು ಕೆಳಗಿಳಿಯದಂತೆ ಅವು ಬೇಲಿಯ ಹಾಗೆ ತಡೆಯುತ್ತವೆ. ಟೈಟಾನಿಯಂಗೆ ನಾರು ನಾಟುವುದಿಲ್ಲ. ಒಸಡು ಅದರ ಸುತ್ತ ಉಂಗುರದ ಹಾಗೆ ಸುತ್ತಿಕೊಂಡು, ಒರಗಿ ನಿಂತಿರುತ್ತದೆ ಅಷ್ಟೆ. ಆದ್ದರಿಂದ ಸಾಮಾನ್ಯ ಹಲ್ಲಿಗೆ ಕ್ಯಾಪ್ ಹಾಕುವಾಗ ಮೇಲೆಯೇ ನಿಲ್ಲುತ್ತಿದ್ದ ಸಿಮೆಂಟು ಇಲ್ಲಿ ಒಳಕ್ಕೆ ಜಾರಿಬಿಡುತ್ತದೆ. ಒರಟಾಗಿ ಗಟ್ಟಿಯಾದ ಅದರ ಮೈಮೇಲೆ ಬ್ಯಾಕ್ಟೀರಿಯಾ ಮನೆ ಮಾಡುತ್ತವೆ. ಮೊದಲು ಒಸಡು ಊದುತ್ತದೆ. ಬಿಟ್ಟರೆ ಇಂಪ್ಲಾಂಟ್ ಸುತ್ತಲಿನ ಮೂಳೆಯೇ ಕರಗತೊಡಗುತ್ತದೆ. ಬೇಕಾಗುವ ಸಿಮೆಂಟಾದರೂ ಎಷ್ಟು? ಕ್ಯಾಪಿಗೂ ಕಂಬಕ್ಕೂ ನಡುವೆ ಇರುವ ಜಾಗ ತಲೆಗೂದಲಿನಷ್ಟು ತೆಳ್ಳಗೆ. ಕ್ಯಾಪಿನ ಒಳಗೋಡೆಗೆ ತೆಳುವಾಗಿ ಸವರಿದರೆ ಸಾಕು. ಅರ್ಧ ತುಂಬಿ ಒತ್ತಿದರೆ ಮಿಕ್ಕದ್ದೆಲ್ಲ ಹೊರಗೇ ಬರಬೇಕಲ್ಲ.

ಇದು ದೊಡ್ಡಮ್ಮನೊಬ್ಬರ ದುರದೃಷ್ಟ ಎಂದು ನಾನೂ ಮೊದಲು ಅಂದುಕೊಂಡಿದ್ದೆ. ಓದುತ್ತಾ ಹೋದ ಹಾಗೆ ಆ ಸಮಾಧಾನ ಉಳಿಯಲಿಲ್ಲ. 2009ರಲ್ಲಿ ಅಮೆರಿಕದ ಥಾಮಸ್ ವಿಲ್ಸನ್ ಎಂಬ ಒಸಡಿನ ತಜ್ಞರು, ಸಿಮೆಂಟಿನಿಂದ ಅಂಟಿಸಿ ಆಮೇಲೆ ಊತ ಕಂಡ 42 ಇಂಪ್ಲಾಂಟ್‌ಗಳ ಸುತ್ತ ತೆಳ್ಳನೆಯ ಎಂಡೋಸ್ಕೋಪ್ ಇಳಿಸಿ ನೋಡಿದರು. ನೂರಕ್ಕೆ 81ರಲ್ಲಿ ಮಿಕ್ಕ ಸಿಮೆಂಟು ಸಿಕ್ಕಿತು. ತೆಗೆದ ಮೇಲೆ ನೂರಕ್ಕೆ 74ರಷ್ಟು ಕಡೆ ಊತ ಇಳಿಯಿತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ ವರದಿಯ ಇನ್ನೊಂದು ವಿವರ: ತೊಂದರೆ ಕಾಣಿಸಿಕೊಂಡದ್ದು ಕೆಲವರಿಗೆ ನಾಲ್ಕು ತಿಂಗಳಿಗೆ, ಕೆಲವರಿಗೆ ಒಂಬತ್ತು ವರ್ಷ ಕಳೆದ ಮೇಲೆ. ಅಷ್ಟು ತಡವಾಗಿ ಬಂದ ನೋವನ್ನು ಹಿಂದೆಂದೋ ಒಂದು ಮಧ್ಯಾಹ್ನ ಕುರ್ಚಿಯಲ್ಲಿ ಕೂತಿದ್ದ ಅರ್ಧ ಗಂಟೆಗೆ ಯಾರು ತಾನೇ ಜೋಡಿಸಿಯಾರು? ಲಿಥುವೇನಿಯಾದ ತೋಮಾಸ್ ಲಿಂಕೆವಿಚಿಯಸ್ ಇನ್ನೂ ಮುಂದೆ ಹೋಗಿ ತೋರಿಸಿದರು: ಕ್ಯಾಪಿನ ಅಂಚು ಒಸಡಿನ ಒಳಗೆ ಇಳಿದಷ್ಟೂ, ಡಾಕ್ಟರು ಪೂರ್ತಿ ಒರೆಸಿದೆ ಎಂದುಕೊಂಡ ಮೇಲೂ ಒಳಗೆ ಉಳಿಯುವ ಸಿಮೆಂಟು ಹೆಚ್ಚುತ್ತದೆ. ಅಂದರೆ ಇದು ಕೈ ಶುದ್ಧವಿಲ್ಲದವರ ಮಾತು ಮಾತ್ರವಲ್ಲ. ಎಂಥ ನಿಪುಣರ ಕೈಯೂ ಕಣ್ಣು ಹೋಗದ ಕಡೆ ಸೋಲುತ್ತದೆ.

ಎಕ್ಸ್-ರೇ ತೆಗೆದು ಎಲ್ಲ ಸರಿಯಿದೆ ಎಂದರಲ್ಲ, ಅದನ್ನೂ ನೋಡಬೇಕು. ಜಿಂಕ್ ಇರುವ ಸಿಮೆಂಟು ಎಕ್ಸ್-ರೇಯಲ್ಲಿ ಚೆನ್ನಾಗಿ ಕಾಣುತ್ತದೆ. ಕೆಲವು ರೆಸಿನ್ ಸಿಮೆಂಟುಗಳು ಕಾಣುವುದೇ ಇಲ್ಲ. ಜೊತೆಗೆ, ಚೂರು ಕೆನ್ನೆಯ ಕಡೆಗೋ ನಾಲಿಗೆಯ ಕಡೆಗೋ ಕೂತಿದ್ದರೆ ಇಂಪ್ಲಾಂಟಿನ ನೆರಳೇ ಅದನ್ನು ಮುಚ್ಚಿಬಿಡುತ್ತದೆ. ಕಾಣಲಿಲ್ಲ ಎನ್ನುವುದನ್ನು ಇಲ್ಲ ಎಂದು ಓದಿ, ಉಳಿದ ತಪ್ಪನ್ನೆಲ್ಲ ಬಾಯಿಯ ಯಜಮಾನಿಯ ಮೇಲೆ ಹೊರಿಸಿದರು. ಉಜ್ಜುವುದು ಮುಖ್ಯವಲ್ಲ ಎಂದು ನಾನು ಹೇಳುತ್ತಿಲ್ಲ. ಪಾಚಿ ಕಟ್ಟಿದರೆ, ಬೀಡಿ ಸಿಗರೇಟು ಸೇದಿದರೆ, ಹಿಂದೆ ಒಸಡಿನ ಕಾಯಿಲೆ ಇದ್ದಿದ್ದರೆ ಇಂಪ್ಲಾಂಟ್ ಕೆಡುವುದು ನಿಜ. ಆದರೆ ಒಸಡಿನ ಅಡಿಯ ಸಿಮೆಂಟನ್ನು ಯಾವ ಬ್ರಶ್ಶೂ ಮುಟ್ಟದು. ರೋಗಿಯ ಕೈಗೆ ಎಟುಕದ ಜಾಗದ ಹೊಣೆಯನ್ನು ರೋಗಿಗೆ ಕೊಡುವುದು ನ್ಯಾಯವಲ್ಲ.

ಇಲ್ಲಿಂದ ನನ್ನ ಪ್ರಶ್ನೆ ಹಲ್ಲಿನಿಂದ ಆಚೆಗೆ ಹೋಗುತ್ತದೆ. ಮಾಡಿಸಿಕೊಂಡವರು ನೋಡಲಾಗದ, ಮಾಡಿದವರಿಗೂ ಪೂರ್ತಿ ಕಾಣದ ಕಡೆ ಕೆಲಸ ಮಾಡುವವರ ಹೊಣೆ ಎಲ್ಲಿಯವರೆಗೆ? ಜಾಗ್ರತೆಯಿಂದ ಮಾಡಿದೆ ಎಂದರೆ ಸಾಕೇ? ನನ್ನ ಮಟ್ಟಿಗೆ ಸಾಲದು. ತಪ್ಪು ಆಗಿಯೇ ಆಗುತ್ತದೆ ಎಂದಿಟ್ಟುಕೊಂಡು, ಆಮೇಲೆ ತಿರುಗಿ ನೋಡಲು ದಾರಿ ಬಿಟ್ಟು ಮಾಡಿದ ಕೆಲಸವೇ ಹೊಣೆಯರಿತ ಕೆಲಸ.

ಎದುರು ಮನೆಯವರು ಪ್ಲಾಸ್ಟರ್ ಆಗುವ ಮೊದಲು ಒಂದು ಕೆಲಸ ಮಾಡಿದರು. ಗೋಡೆಯೊಳಗೆ ಹೋಗುವ ಕನ್ಸೀಲ್ಡ್ ಪೈಪುಗಳ ಪಕ್ಕ ಟೇಪು ಹಿಡಿದು, ನೆಲದಿಂದ ಇಷ್ಟಡಿ, ಬಾಗಿಲಿನಿಂದ ಇಷ್ಟಡಿ ಎಂದು ಗೊತ್ತಾಗುವಂತೆ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಂಡರು. ಹತ್ತು ವರ್ಷದ ಮೇಲೆ ಗೋಡೆ ಒದ್ದೆಯಾದರೆ ಬರುವ ಪ್ಲಂಬರು ಬೇರೆಯವನು. ಅವನು ಎಲ್ಲಿ ಒಡೆಯಬೇಕೆಂದು ಹುಡುಕಿಕೊಂಡು ಇಡೀ ಬಚ್ಚಲು ಅಗೆಯಬಾರದು. ಒಂದು ಗೋಡೆಗೆ ತೋರಿಸುವ ಈ ಮುಂದಾಲೋಚನೆ ಒಂದು ಬಾಯಿಗೆ ಸಲ್ಲಬೇಡವೇ?

ಸ್ಕ್ರೂನಿಂದ ಬಿಗಿದ ಕ್ಯಾಪಿನ ಹೆಚ್ಚುಗಾರಿಕೆ ಇರುವುದು ಇಲ್ಲೇ. ನೆತ್ತಿಯ ತೂತಿನ ಮೇಲಿನ ಫಿಲ್ಲಿಂಗ್ ತೆಗೆದರೆ ಸ್ಕ್ರೂ ಸಿಗುತ್ತದೆ, ಬಿಚ್ಚಿ ತೊಳೆದು ಮತ್ತೆ ಬಿಗಿಯಬಹುದು. ಅಂಟಿಸಿದ್ದನ್ನು ತೆಗೆಯಬೇಕೆಂದರೆ ಸ್ಕ್ರೂ ಎಲ್ಲಿದೆ ಎಂದು ಅಂದಾಜಿನಲ್ಲಿ ಕೊರೆಯಬೇಕು. ಎಷ್ಟೋ ಸಲ ಕ್ಯಾಪು ಹಾಳು. ಈ ವಿದ್ಯೆಯ ಹುಟ್ಟಿನಲ್ಲೇ ಇದಕ್ಕೊಂದು ಪಾಠವಿದೆ. ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೋನೆಮಾರ್ಕ್ 1950ರ ದಶಕದ ಆರಂಭದಲ್ಲಿ ಮೊಲದ ಮೂಳೆಯಲ್ಲಿ ರಕ್ತ ಹರಿಯುವುದನ್ನು ನೋಡಲು ಟೈಟಾನಿಯಂ ಸಾಧನ ಇಟ್ಟಿದ್ದರು. ಪ್ರಯೋಗ ಮುಗಿದು ತೆಗೆಯಹೋದರೆ ಬರಲಿಲ್ಲ. ಮೂಳೆ ಅದನ್ನು ತನ್ನದಾಗಿಸಿಕೊಂಡಿತ್ತು. 1965ರಲ್ಲಿ ಯೋಸ್ಟಾ ಲಾರ್ಸನ್ ಎಂಬುವರ ದವಡೆಗೆ ಮೊದಲ ಇಂಪ್ಲಾಂಟ್‌ಗಳನ್ನು ಹಾಕಿದರು. 2006ರಲ್ಲಿ ಲಾರ್ಸನ್ ತೀರಿಕೊಳ್ಳುವವರೆಗೂ, ನಾಲ್ಕು ದಶಕ, ಅವು ಕೆಲಸ ಮಾಡಿದವು. ಬಿಡಿಸಲಾಗದ ಬೆಸುಗೆಯನ್ನು ಕಂಡುಹಿಡಿದ ಅದೇ ಬ್ರೋನೆಮಾರ್ಕ್, ಮೇಲಿನ ಹಲ್ಲನ್ನು ಮಾತ್ರ ಸ್ಕ್ರೂನಿಂದಲೇ ಬಿಗಿಯುತ್ತಿದ್ದರು. ಸಿಮೆಂಟಿನ ರೂಢಿ ಬಂದದ್ದು ಆಮೇಲೆ. ಮಾಮೂಲಿ ಕ್ಯಾಪಿನ ಹಾಗೆಯೇ ಅಂಟಿಸಬಹುದು, ಕೈಗೆ ಪಳಗಿದ ಕೆಲಸ, ನೆತ್ತಿಯಲ್ಲಿ ತೂತು ಕಾಣುವುದಿಲ್ಲ, ಖರ್ಚೂ ಕಡಿಮೆ.

ಈ ಅನುಕೂಲಗಳನ್ನು ನಾನು ತಳ್ಳಿಹಾಕುವುದಿಲ್ಲ. ಮುಂದಿನ ಹಲ್ಲಿನಲ್ಲಿ ಇಂಪ್ಲಾಂಟ್ ಓರೆಯಾಗಿ ಕೂತಿದ್ದರೆ ಸ್ಕ್ರೂ ತೂತು ತುಟಿಯ ಕಡೆಗೆ ಬಂದು ನಗುವಾಗ ಕಾಣುತ್ತದೆ. ಸ್ಕ್ರೂ ಸಡಿಲವಾಗುವುದುಂಟು, ತೂತಿನ ಅಂಚಿನ ಪಿಂಗಾಣಿ ಚಕ್ಕೆ ಏಳುವುದುಂಟು. ಅಂಟಿಸಲೇಬೇಕಾದ ಕಡೆ ಅಂಟಿಸಲಿ. ಆದರೆ ಅಂಚನ್ನು ಒಸಡಿನ ಮಟ್ಟಕ್ಕೆ ತರಲಿ, ಎಕ್ಸ್-ರೇಯಲ್ಲಿ ಕಾಣುವ ಸಿಮೆಂಟು ಆರಿಸಲಿ, ಬಾಯಿಗೆ ಹಾಕುವ ಮೊದಲು ಹೊರಗೇ ಕಂಬದ ನಕಲೊಂದರ ಮೇಲೆ ಒತ್ತಿ ಹೆಚ್ಚಾದದ್ದನ್ನು ಒರೆಸಿಕೊಳ್ಳಲಿ. ಇವೆಲ್ಲ ದುಬಾರಿ ಯಂತ್ರ ಕೇಳುವ ಕೆಲಸಗಳಲ್ಲ, ಐದು ನಿಮಿಷ ಕೇಳುವ ಕೆಲಸಗಳು. ಬಾಡಿಗೆ, ಲ್ಯಾಬಿನ ಬಿಲ್ಲು, ಹೊರಗೆ ಕಾದು ಕೂತ ಮುಂದಿನ ರೋಗಿ, ಇವುಗಳ ನಡುವೆ ಆ ಐದು ನಿಮಿಷ ಹುಡುಕುವ ಡಾಕ್ಟರುಗಳ ಕಷ್ಟ ನನಗೆ ಅರ್ಥವಾಗುತ್ತದೆ. ಹುಡುಕುವವರೂ ಇದ್ದಾರೆ, ದೊಡ್ಡಮ್ಮನಿಗೆ ಎರಡನೆಯ ಸಲ ಸಿಕ್ಕವರು ಅಂಥವರೇ.

ಇನ್ನೊಂದು ಆಕ್ಷೇಪವನ್ನು ಮಾತ್ರ ನಾನು ಒಪ್ಪಲಾರೆ. ಇದೆಲ್ಲ ರೋಗಿಗೆ ಹೇಳಿದರೆ ಅರ್ಥವಾಗುವುದಿಲ್ಲ, ಹೆದರಿ ಎದ್ದು ಹೋಗುತ್ತಾರೆ ಎನ್ನುತ್ತಾರೆ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಚಿಕಿತ್ಸೆಯ ಒಪ್ಪಿಗೆ ಎಂದರೇನೆಂದು ವಿವರಿಸಿತು: ಚಿಕಿತ್ಸೆಯ ಸ್ವರೂಪ, ಅದರ ಅಪಾಯ, ಅದಕ್ಕಿರುವ ಪರ್ಯಾಯ ಇವನ್ನು ತಿಳಿಸಿ ಪಡೆದ ಒಪ್ಪಿಗೆಯೇ ಒಪ್ಪಿಗೆ. ಸ್ಕ್ರೂ ಮತ್ತು ಸಿಮೆಂಟು ಒಂದಕ್ಕೊಂದು ಪರ್ಯಾಯವಲ್ಲದೆ ಮತ್ತೇನು? ಕರ್ನಾಟಕದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಬಂದ ಮೇಲೆ ಕ್ಲಿನಿಕ್ಕುಗಳು ದರಪಟ್ಟಿ ತೂಗುಹಾಕಬೇಕು. ಅದು ಬೇಕಾದದ್ದೇ. ಆದರೆ ಆ ಪಟ್ಟಿ ಎಷ್ಟು ಎಂದು ಹೇಳುತ್ತದೆಯೇ ಹೊರತು ಹೇಗೆ ಎಂದು ಹೇಳುವುದಿಲ್ಲ. ಬೀರು ಕೊಂಡರೆ ಬೋಲ್ಟು ಹಾಕಿದ್ದೋ ವೆಲ್ಡ್ ಮಾಡಿದ್ದೋ ಎಂದು ಕೇಳಿ ತಿಳಿದುಕೊಳ್ಳುವ ಜನ ನಾವು. ನನ್ನ ದೊಡ್ಡಮ್ಮ ಅಡುಗೆಮನೆಯ ಗ್ರಾನೈಟು ಎಷ್ಟು ಮಿಲಿಮೀಟರು ದಪ್ಪ ಎಂದು ವಾದಿಸಿ ಹಾಕಿಸಿಕೊಂಡವರು. ಅವರಿಗೆ ಸ್ಕ್ರೂಗೂ ಅಂಟಿಗೂ ಇರುವ ವ್ಯತ್ಯಾಸ ತಿಳಿಯದೆ ಹೋಗುತ್ತಿತ್ತೇ? ಅವರು ಕೇಳಲಿಲ್ಲ, ಯಾಕೆಂದರೆ ಹೀಗೊಂದು ಪ್ರಶ್ನೆ ಇದೆ ಎಂದು ಯಾರೂ ಅವರಿಗೆ ಹೇಳಿರಲಿಲ್ಲ.

ಹಾಗಾಗಿ ನಾನು ಬೇಡುವುದು ದೊಡ್ಡ ಸುಧಾರಣೆಯನ್ನೇನಲ್ಲ. ಇಂಪ್ಲಾಂಟ್ ಹಾಕಿಸಿಕೊಂಡ ಪ್ರತಿಯೊಬ್ಬರ ಕೈಗೂ ಒಂದು ಚೀಟಿ ಬರಲಿ: ಯಾವ ಕಂಪನಿಯದು, ಅಳತೆ ಎಷ್ಟು, ಕ್ಯಾಪ್ ಬಿಗಿದದ್ದೋ ಅಂಟಿಸಿದ್ದೋ, ಅಂಟಿಸಿದ್ದರೆ ಯಾವ ಸಿಮೆಂಟು, ಅಂಟಿಸಿದ ದಿನದ ಎಕ್ಸ್-ರೇ. ಊರು ಬದಲಾಯಿಸಿದರೂ, ಕ್ಲಿನಿಕ್ಕು ಮುಚ್ಚಿದರೂ, ಮುಂದೆ ನೋಡುವ ಡಾಕ್ಟರು ಕತ್ತಲೆಯಲ್ಲಿ ಕೊರೆಯುವುದು ತಪ್ಪುತ್ತದೆ. ಊತ ಬಂದಾಗ ಮೊದಲ ಅನುಮಾನ ಬ್ರಶ್ಶಿನ ಮೇಲೆ ಹೋಗುವ ಬದಲು ಒಳಗೆ ಏನಾದರೂ ಉಳಿದಿದೆಯೇ ಎನ್ನುವುದರ ಮೇಲೆ ಹೋಗುತ್ತದೆ.

ದೊಡ್ಡಮ್ಮನ ಹೊಸ ಡಾಕ್ಟರು ಕ್ಯಾಪಿನ ನೆತ್ತಿಯನ್ನು ಕೊರೆದು, ಕಂಬದ ಸಮೇತ ಬಿಚ್ಚಿ, ಮೇಜಿನ ಮೇಲೆ ಬೆಳಕಿನಲ್ಲಿಟ್ಟು ಅಂಚಿನ ಸಿಮೆಂಟನ್ನೆಲ್ಲ ಕೆರೆದು ನುಣುಪು ಮಾಡಿ ಮತ್ತೆ ಬಿಗಿದರು. ಸ್ಕ್ರೂ ಮೇಲೆ ಬಿಳಿ ಟೆಫ್ಲಾನ್ ಟೇಪು ತುರುಕಿ, ಅದರ ಮೇಲೆ ಹಲ್ಲಿನ ಬಣ್ಣದ ಫಿಲ್ಲಿಂಗ್. ಪ್ಲಂಬರು ನಲ್ಲಿಯ ಮರೆಗೆ ಸುತ್ತುತ್ತಾನಲ್ಲ, ಅದೇ ಜಾತಿಯ ಟೇಪು. ಮುಂದೆ ಯಾರಾದರೂ ಕೊರೆದರೆ ಸ್ಕ್ರೂವಿನ ತಲೆಗೆ ಪೆಟ್ಟಾಗದಿರಲಿ ಎಂದು ಹಾಕುವುದು. ತಿಂಗಳೊಳಗೆ ಊತ ಇಳಿಯಿತು. ಕರಗಿದ್ದ ಮೂಳೆ ಮಾತ್ರ ಹಿಂದಕ್ಕೆ ಬಂದಿಲ್ಲ. ಆರು ತಿಂಗಳಿಗೊಮ್ಮೆ ತೋರಿಸಿಕೊಳ್ಳಬೇಕು.

ಮೊನ್ನೆ ಅತ್ತಿಗುಪ್ಪೆ ಮೆಟ್ರೋ ಸ್ಟೇಷನ್ನಿನಿಂದ ಇಬ್ಬರೂ ನಡೆದು ಬರುವಾಗ ಅವರ ಹಳೆಯ ಗೆಳತಿಯೊಬ್ಬರು ಸಿಕ್ಕಿದರು. ತಾವೂ ಇಂಪ್ಲಾಂಟ್ ಹಾಕಿಸಿಕೊಳ್ಳಲಿರುವುದಾಗಿ ಅವರು ಹೇಳಿದರು. ದೊಡ್ಡಮ್ಮ ದುಡ್ಡೆಷ್ಟು, ಡಾಕ್ಟರ್ ಯಾರು ಎಂದು ಯಾವುದನ್ನೂ ಕೇಳಲಿಲ್ಲ. ಕೈಚೀಲ ತೆಗೆದು, ಬ್ಯಾಂಕಿನ ಪಾಸ್‌ಬುಕ್ಕಿನೊಳಗೆ ಮಡಿಸಿಟ್ಟಿದ್ದ ತಮ್ಮ ಚೀಟಿಯನ್ನು ಬಿಡಿಸಿ ಅವರ ಕೈಗಿಟ್ಟು, “ಸ್ಕ್ರೂನೋ ಅಂಟೋ ಕೇಳಿದ್ರಾ?” ಅಂದರು.