ಗುರಿಯ ದೂರವೋ, ಕೈಯ ಕೋನವೋ?

ಪಿಸ್ತೂಲಿನ ಗುರಿಸಾಧನೆಯ ಮಾತು ಬಂದಾಗಲೆಲ್ಲ ನಮ್ಮ ಜನರು ಮೊದಲು ಕೇಳುವ ಪ್ರಶ್ನೆ “ಎಷ್ಟು ದೂರದಿಂದ ಹೊಡೆಯುತ್ತಾರೆ?” ಎಂಬುದು. ದೂರ ಬೆಳೆದಂತೆ ವಿದ್ಯೆಯೂ ಬೆಳೆಯುತ್ತದೆಂಬ ಎಣಿಕೆ ಈ ಪ್ರಶ್ನೆಯ ಹಿಂದೆ ಅಡಗಿದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಅವರು ಏರ್ ಪಿಸ್ತೂಲಿನಲ್ಲಿ ಕಂಚಿನ ಪದಕವನ್ನು ಗೆದ್ದಾಗ, “ಬರಿಯ ಹತ್ತೇ ಮೀಟರೆ?” ಎಂದು ಮೂಗು ಮುರಿದ ವಿದ್ಯಾವಂತರನ್ನು ನಾನು ಬಲ್ಲೆ. ಈ ಎಣಿಕೆ ತಪ್ಪೆಂಬುದೂ, ಗುರಿಯನ್ನು ಕಲಿಯುವ ತರುಣರಿಗೆ ಇದು ಹಾನಿಕರವೆಂಬುದೂ ನನ್ನ ಅಭಿಪ್ರಾಯ.

ಮೊದಲು ಅಳತೆಗಳನ್ನು ನೋಡೋಣ. ಹತ್ತು ಮೀಟರಿನ ಗುರಿಹಲಗೆಯಲ್ಲಿ ಹತ್ತು ಅಂಕಗಳ ವೃತ್ತದ ವ್ಯಾಸ 11.5 ಮಿ.ಮೀ. ಗುಂಡಿನ ವ್ಯಾಸ 4.5 ಮಿ.ಮೀ. ರಂಧ್ರದ ಅಂಚು ಗೆರೆಯನ್ನು ಮುಟ್ಟಿದರೂ ಮೇಲಿನ ಅಂಕವೇ ದೊರೆಯುವುದರಿಂದ, ಗುಂಡಿನ ಮಧ್ಯಬಿಂದು ಗುರಿಯ ಕೇಂದ್ರದಿಂದ 8 ಮಿ.ಮೀ. ವರೆಗೆ ಸರಿದಿರಬಹುದು. ಹತ್ತು ಮೀಟರಿಗೆ 8 ಮಿ.ಮೀ. ಎಂದರೆ ಕೋನದಲ್ಲಿ 0.8 ಮಿಲಿರೇಡಿಯನ್. ಒಂದು ಮಿಲಿರೇಡಿಯನ್ ಎಂದರೆ ಮೀಟರಿಗೊಂದು ಮಿಲಿಮೀಟರು ಓರೆ ಎಂದು ವಾಚಕರು ನೆನಪಿನಲ್ಲಿಟ್ಟುಕೊಂಡರೆ ಸಾಕು. ಇಪ್ಪತ್ತೈದು ಮೀಟರಿನ ನಿಖರ ಹಂತದ ಹಲಗೆಯಲ್ಲಿ ಹತ್ತರ ವೃತ್ತ 50 ಮಿ.ಮೀ. ಇದೆ, ಗುಂಡು 5.6 ಮಿ.ಮೀ. ಅಲ್ಲಿ ಸುಮಾರು 28 ಮಿ.ಮೀ. ಸರಿಯಬಹುದು, ಕೋನ 1.1 ಮಿಲಿರೇಡಿಯನ್. ಅಂದಮೇಲೆ ಹತ್ತು ಮೀಟರಿನ ಸ್ಪರ್ಧಿಗೆ ಇಪ್ಪತ್ತೈದು ಮೀಟರಿನವನಿಗಿಂತ ಹೆಚ್ಚು ಬಿಗಿಯಾದ ಕೋನವನ್ನು ವಿಧಿಸಲಾಗಿದೆ! ಅದೇ ಹಲಗೆಯನ್ನು ಐವತ್ತು ಮೀಟರಿನಲ್ಲಿಟ್ಟರೆ ಕೋನವು ಸುಮಾರು 0.55ಕ್ಕೆ ಇಳಿಯುತ್ತದೆ. ಅದು ಕಠಿಣವೆಂಬುದು ನಿರ್ವಿವಾದ. ಆ ಸ್ಪರ್ಧೆ 2016ರ ರಿಯೋ ಕೂಟದೊಡನೆ ಒಲಿಂಪಿಕ್ಸ್‌ನಿಂದ ಮರೆಯಾದುದು ವಿಷಾದಕರ. ಬೆಂಗಳೂರಿನ ಪ್ರಕಾಶ್ ನಂಜಪ್ಪನವರು ರಿಯೋದಲ್ಲಿ ಸ್ಪರ್ಧಿಸಿದ್ದು ಐವತ್ತು ಮೀಟರಿನಲ್ಲಿ. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದಲ್ಲಿ ಅವರಿಗೆ ಬೆಳ್ಳಿ ದೊರೆತದ್ದು ಹತ್ತು ಮೀಟರಿನಲ್ಲಿ. ಎರಡೂ ಒಂದೇ ವಿದ್ಯೆಯ ಎರಡು ಮುಖಗಳೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ದೂರದಿಂದ ನಿಜವಾಗಿ ಬದಲಾಗುವುದು ಗುಂಡಿನ ಇಳಿತ. ಏರ್ ಪಿಸ್ತೂಲಿನ ಗುಂಡು ಸೆಕೆಂಡಿಗೆ ಸುಮಾರು 150 ಮೀಟರು ಓಡುತ್ತದೆಂದುಕೊಂಡರೆ, ಹತ್ತು ಮೀಟರನ್ನು ದಾಟುವಷ್ಟರಲ್ಲಿ ಗುರುತ್ವವು ಅದನ್ನು 22 ಮಿ.ಮೀ. ಕೆಳಗೆಳೆದಿರುತ್ತದೆ. ಸೆಕೆಂಡಿಗೆ 260 ಮೀಟರು ವೇಗದ ಸಿಡಿಮದ್ದಿನ ಗುಂಡು ಇಪ್ಪತ್ತೈದು ಮೀಟರಿನಲ್ಲಿ ನಾಲ್ಕೂವರೆ ಸೆಂ.ಮೀ. ಇಳಿಯುತ್ತದೆ, ಐವತ್ತರಲ್ಲಿ ಅದರ ನಾಲ್ಕರಷ್ಟು, ಹದಿನೆಂಟು ಸೆಂ.ಮೀ. ಇಪ್ಪತ್ತೈದಕ್ಕೆ ಹೊಂದಿಸಿದ ಪಿಸ್ತೂಲನ್ನು ಹಾಗೆಯೇ ಐವತ್ತಕ್ಕೆ ಒಯ್ದರೆ ಗುಂಡು ಸುಮಾರು 9 ಸೆಂ.ಮೀ. ಕೆಳಗೆ ಬೀಳುತ್ತದೆ, ಹತ್ತಾಗಬೇಕಾದುದು ಏಳಾಗುತ್ತದೆ. ಆದರೆ ಈ ದೋಷ ಪ್ರಾಮಾಣಿಕವಾದುದು. ಅದು ಪ್ರತಿಸಲವೂ ಅಷ್ಟೇ ಇರುತ್ತದೆ, ಆದುದರಿಂದ ಒಂದು ತಿರುಪನ್ನು ತಿರುಗಿಸಿ ಒಮ್ಮೆಗೇ ಕಳೆದುಬಿಡಬಹುದು. ನಮ್ಮ ಪಠ್ಯಪುಸ್ತಕಗಳು ಕ್ಷಿಪ್ತಕಾಯದ ಚಲನೆಗೆ ಪುಟಗಟ್ಟಲೆ ಕೊಟ್ಟು, ಗುರಿ ತಪ್ಪುವುದೆಲ್ಲ ಗುರುತ್ವದ ಕೈವಾಡವೆಂಬ ಭಾವನೆಯನ್ನು ಹುಟ್ಟಿಸುತ್ತವೆ. ಗುರುತ್ವವು ಪಾಪ, ನಿರಪರಾಧಿ.

ಅಪರಾಧಿಯನ್ನು ಕೈಯಲ್ಲಿಯೂ ಕಣ್ಣಿನಲ್ಲಿಯೂ ಹುಡುಕಬೇಕು. ಪಿಸ್ತೂಲಿನ ಮೇಲೆ ಹಿಂದೊಂದು ಸೀಳು, ಮುಂದೊಂದು ಗೂಟ ಇರುತ್ತವೆ, ಇವನ್ನು ಸೈಟುಗಳೆನ್ನುತ್ತಾರೆ. (ಬೆಂಗಳೂರಿಗರು ಈ ಶಬ್ದವನ್ನು ಕೇಳಿ ಕಿವಿ ನಿಮಿರಿಸಬೇಕಾಗಿಲ್ಲ.) ಇವುಗಳ ನಡುವಿನ ಅಂತರ ಏರ್ ಪಿಸ್ತೂಲಿನಲ್ಲಿ ಸುಮಾರು 32 ಸೆಂ.ಮೀ. ಗೂಟವು ಸೀಳಿನ ನಡುವಿನಿಂದ ಬರಿಯ ಕಾಲು ಮಿಲಿಮೀಟರು ಸರಿದರೆ, ಸಮರೂಪ ತ್ರಿಭುಜಗಳ ನಿಯಮದಂತೆ ಹತ್ತು ಮೀಟರಿನಲ್ಲಿ ಗುಂಡು ಸುಮಾರು 8 ಮಿ.ಮೀ. ಸರಿಯುತ್ತದೆ. ಹತ್ತರ ವೃತ್ತದ ಗಡಿಯೂ ಅಷ್ಟೇ ಎಂದು ಆಗಲೇ ಕಂಡೆವಷ್ಟೆ. ಇಪ್ಪತ್ತೈದು ಮೀಟರಿನ ಪಿಸ್ತೂಲಿನಲ್ಲಿ ಸೈಟುಗಳ ಅಂತರ 22 ಸೆಂ.ಮೀ. ಮೀರಕೂಡದೆಂಬ ನಿಯಮವಿದೆ; ಅಲ್ಲಿಯೂ ಅದೇ ಕಾಲು ಮಿಲಿಮೀಟರು ಗುಂಡನ್ನು 28 ಮಿ.ಮೀ. ದೂಡಿ ಹತ್ತರ ಗಡಿಗೇ ತಂದು ನಿಲ್ಲಿಸುತ್ತದೆ. ಇದಕ್ಕೆ ಬದಲಾಗಿ, ಸೈಟುಗಳು ಸರಿಯಾಗಿ ಹೊಂದಿಕೊಂಡಿದ್ದು ಇಡೀ ಕೈಯೇ ಐದು ಮಿ.ಮೀ. ಪಕ್ಕಕ್ಕೆ ಸರಿದರೆ ಗುಂಡು ಐದೇ ಮಿ.ಮೀ. ಸರಿಯುತ್ತದೆ, ದೂರ ಹತ್ತಾಗಲಿ ಐವತ್ತಾಗಲಿ. ಸಮಾಂತರವಾದ ಅಲುಗಾಟ ಕ್ಷಮ್ಯ. ಓರೆಯಾದ ಅಲುಗಾಟ ಅಕ್ಷಮ್ಯ.

ಕಣ್ಣಿನ ಮಸೂರವು ಒಂದು ಕಾಲಕ್ಕೆ ಒಂದೇ ದೂರವನ್ನು ಸ್ಪಷ್ಟವಾಗಿ ಕಾಣಬಲ್ಲದು. ಹಿಂದಿನ ಸೀಳು, ಮುಂದಿನ ಗೂಟ, ಗುರಿಹಲಗೆ ಈ ಮೂರರಲ್ಲಿ ಯಾವುದನ್ನು ಆರಿಸಬೇಕು? ಮೇಲಿನ ಲೆಕ್ಕವೇ ಉತ್ತರ ಹೇಳುತ್ತದೆ: ಮುಂದಿನ ಗೂಟವನ್ನು. ಹಲಗೆ ಮಸುಕಾಗಿಯೇ ಇರಲಿ. ಅದಕ್ಕಾಗಿಯೇ ಬಲ್ಲವರು ಕಪ್ಪು ವೃತ್ತದ ಮಧ್ಯಕ್ಕೆ ಗುರಿಯಿಡದೆ, ಅದರ ಕೆಳಗೆ ಬಿಳಿಯ ಕಾಗದದ ಮೇಲೆ ಕಪ್ಪು ಗೂಟವು ಎದ್ದು ಕಾಣುವಂತೆ ಹಿಡಿದು, ಉಳಿದ ಎತ್ತರವನ್ನು ಸೈಟಿನ ತಿರುಪಿಗೆ ಬಿಡುತ್ತಾರೆ. ಹೊಸಬನಾದರೋ ಹಲಗೆಯನ್ನೇ ದುರುಗುಟ್ಟಿ ನೋಡುತ್ತಾನೆ. ದೂರ ಹೆಚ್ಚಿದಷ್ಟೂ ಇನ್ನೂ ಕಣ್ಣರಳಿಸಿ ನೋಡುತ್ತಾನೆ. ದೂರದ ಮೋಹ ಮಾಡುವ ಮೊದಲ ಹಾನಿ ಇದು.

ಕುದುರೆಯನ್ನು, ಅಂದರೆ ಟ್ರಿಗರನ್ನು ಎಳೆಯುವುದರಲ್ಲಿಯೂ ಇದೇ ಕಥೆ. ಏರ್ ಪಿಸ್ತೂಲಿನ ಕುದುರೆಗೆ ಕನಿಷ್ಠ 500 ಗ್ರಾಂ, ಇಪ್ಪತ್ತೈದು ಮೀಟರಿನದಕ್ಕೆ 1000 ಗ್ರಾಂ ಭಾರ ಬೇಕು. ಇಷ್ಟು ಬಲ ತುಸುವೇ ಓರೆಯಾಗಿ ಬಿದ್ದರೂ ನಳಿಗೆ ತಿರುಗುತ್ತದೆ. ಕುದುರೆ ಬಿಟ್ಟ ಮೇಲೂ ಗುಂಡು ನಳಿಗೆಯನ್ನು ಬಿಡಲು ಸೆಕೆಂಡಿನ ಕೆಲವು ಸಾವಿರಾಂಶಗಳು ಬೇಕು. ಹೊಡೆದಾಯಿತೆಂದು ತೋಳನ್ನು ಸಡಿಲಿಸುವವನು ಆ ಗಳಿಗೆಯಲ್ಲಿಯೇ ಕೆಡಿಸಿಕೊಳ್ಳುತ್ತಾನೆ. ಹಂಗೆರಿಯ ಕಾರೊಯ್ ಟಾಕಾಚ್ 1938ರಲ್ಲಿ ಕೈಬಾಂಬು ಸಿಡಿದು ಬಲಗೈಯನ್ನು ಊನಮಾಡಿಕೊಂಡ. ಎಡಗೈಯಿಂದ ಮೊದಲಿನಿಂದ ಕಲಿತು 1948 ಮತ್ತು 1952ರ ಒಲಿಂಪಿಕ್ಸ್‌ಗಳಲ್ಲಿ ಇಪ್ಪತ್ತೈದು ಮೀಟರಿನ ಶೀಘ್ರ ಗುರಿಯಲ್ಲಿ ಚಿನ್ನ ಗೆದ್ದ. ಬಲಗೈಯಿಂದ ಎಡಗೈಗೆ ಸ್ನಾಯುಗಳು ವರ್ಗವಾಗಲಿಲ್ಲ, ಕ್ರಮ ವರ್ಗವಾಯಿತು.

ಇನ್ನು ನನ್ನ ಮುಖ್ಯವಾದ ದೂರು. ಒಂದು ಗುರಿಶಾಲೆಯಲ್ಲಿ ಒಬ್ಬ ತರುಣ ಪ್ರತಿ ಗುಂಡಿನ ಅನಂತರವೂ ಸೈಟಿನ ತಿರುಪನ್ನು ತಿರುಗಿಸುತ್ತಿದ್ದುದನ್ನು ನೋಡಿದೆ. ಎಡಕ್ಕೆ ಬಿದ್ದರೆ ಬಲಕ್ಕೆ, ಬಲಕ್ಕೆ ಬಿದ್ದರೆ ಎಡಕ್ಕೆ. ಪಕ್ಕದಲ್ಲಿದ್ದ ತಂದೆ ಇದನ್ನು ಶ್ರದ್ಧೆಯೆಂದು ಮೆಚ್ಚಿ, ಇನ್ನೂ ಬೆಲೆಬಾಳುವ ಪಿಸ್ತೂಲನ್ನು ಕೊಡಿಸುವ ವಿಚಾರದಲ್ಲಿದ್ದರು. ಗಣಿತ ಏನು ಹೇಳುತ್ತದೆ? ಚೆದರಿಕೆ ಕೇವಲ ಯಾದೃಚ್ಛಿಕವಾಗಿದ್ದಾಗ ಪ್ರತಿ ಸಲವೂ ಅಷ್ಟಕ್ಕಷ್ಟೇ ತಿದ್ದುತ್ತ ಹೋದರೆ ಚೆದರಿಕೆ ಕುಗ್ಗುವುದಿಲ್ಲ. ಎರಡರ ವರ್ಗಮೂಲದಷ್ಟು, ಎಂದರೆ ನೂರಕ್ಕೆ ನಾಲ್ವತ್ತರಷ್ಟು, ಹಿಗ್ಗುತ್ತದೆ. ಹತ್ತು ಗುಂಡುಗಳನ್ನು ಏನೂ ತಿದ್ದದೆ ಹೊಡೆದು ಅವುಗಳ ಸರಾಸರಿ ಸ್ಥಾನವನ್ನು ಕಂಡುಕೊಂಡರೆ, ಆ ಸರಾಸರಿಯ ಅನಿಶ್ಚಿತತೆ ಒಂದು ಗುಂಡಿನದರ ಮೂರನೆಯ ಒಂದು ಭಾಗಕ್ಕಿಂತ ಕಡಮೆ. ಗುಂಪು ಕೇಂದ್ರದಿಂದ ದೂರವಿದ್ದರೆ ತಿರುಪನ್ನು ತಿದ್ದಬೇಕು. ಗುಂಪೇ ಚೆದರಿದ್ದರೆ ಕೈಯನ್ನು ತಿದ್ದಬೇಕು. ಸ್ಪರ್ಧೆಗೆಂದೇ ಮಾಡಿದ ಪಿಸ್ತೂಲನ್ನು ಹಿಡಿಕೆಯಲ್ಲಿ ಬಿಗಿದು ಹೊಡೆದರೆ ಗುಂಡುಗಳೆಲ್ಲ ಹತ್ತರೊಳಗೇ ಬೀಳುತ್ತವೆ. ಆದ್ದರಿಂದ ಸಾಮಾನ್ಯ ಸಂಸಾರದವರು ಸಾಲ ಮಾಡಿ ಆಯುಧವನ್ನು ಬದಲಾಯಿಸುವ ಮೊದಲು, ಮಗನ ಹತ್ತು ರಂಧ್ರಗಳ ಕಾಗದವೊಂದನ್ನು ಅಳೆದು ನೋಡುವುದು ಲೇಸು.

ಹತ್ತು ಮೀಟರಿನಲ್ಲಿ ಗುಂಪು ಬಿಗಿಯಾಗುವವರೆಗೆ ಮುಂದಿನ ದೂರಕ್ಕೆ ಹೋಗಗೊಡಬಾರದೆಂದು ನಾನು ಶಿಕ್ಷಕರನ್ನು ಕೇಳಿಕೊಳ್ಳುತ್ತೇನೆ. ಅಲ್ಲಿ ಗುಂಡಿನ ಬೆಲೆ ಕಡಮೆ, ಒದೆತ ಅತ್ಯಲ್ಪ, ಒಳಾಂಗಣದಲ್ಲಿ ಗಾಳಿಯ ನೆಪವೂ ಇಲ್ಲ. ಖಾಲಿ ಪಿಸ್ತೂಲನ್ನು ಬಿಳಿಯ ಗೋಡೆಗೆ ಹಿಡಿದು ಗೂಟವನ್ನಷ್ಟೆ ನೋಡುತ್ತ ಕುದುರೆಯನ್ನು ಎಳೆಯುವ ಅಭ್ಯಾಸಕ್ಕಂತೂ ಕಾಸಿನ ಖರ್ಚಿಲ್ಲ. ಆದರೆ ಖಾಲಿಯೆಂಬುದನ್ನು ಪ್ರತಿಸಲವೂ ಕಣ್ಣಾರೆ ನೋಡತಕ್ಕದ್ದು. ಏರ್ ಪಿಸ್ತೂಲಿನ ಅರ್ಧ ಗ್ರಾಂ ಗುಂಡಿನಲ್ಲಿರುವ ಐದಾರು ಜೂಲುಗಳು ಕಣ್ಣೊಂದನ್ನು ಕಳೆಯಲು ಧಾರಾಳವಾಗಿ ಸಾಕು.

ನನ್ನಂತೆ ಭೌತಶಾಸ್ತ್ರ ಬೋಧಿಸುವವರಿಗೂ ಒಂದು ಸಲಹೆ. ವ್ಯವಸ್ಥಿತ ದೋಷ, ಯಾದೃಚ್ಛಿಕ ದೋಷ ಎಂಬ ವ್ಯಾಖ್ಯೆಗಳನ್ನು ನಮ್ಮ ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ. ಪ್ರಯೋಗಾಲಯಕ್ಕೆ ಬಂದೊಡನೆ ಬೇಕಾದ ಉತ್ತರಕ್ಕೆ ಹೊಂದುವಂತೆ ಓದಿಕೆಗಳನ್ನು ತಿದ್ದಿ ಬರೆಯುತ್ತಾರೆ. ಅವರೂ ಪ್ರತಿ ಗುಂಡಿಗೆ ತಿರುಪು ತಿರುಗಿಸುವವರೇ. ಸಮೀಪದ ಗುರಿಶಾಲೆಯಿಂದ ಹಳೆಯ ಗುರಿಕಾಗದಗಳನ್ನು ತರಿಸಿ, ಒಬ್ಬೊಬ್ಬರಿಗೆ ಒಂದೊಂದನ್ನು ಕೊಟ್ಟು, ಗ್ರಾಫ್ ಕಾಗದದ ಮೇಲೆ ರಂಧ್ರಗಳನ್ನು ಗುರುತಿಸಿ ಸರಾಸರಿಯನ್ನೂ ಚೆದರಿಕೆಯನ್ನೂ ಕಂಡುಹಿಡಿಯಲು ಹೇಳಬಹುದು. ತಿರುಪಿನದೆಷ್ಟು, ಕೈಯದೆಷ್ಟು ಎಂದು ಅವರೇ ಬರೆದು ಕೊಡಲಿ. ಇದಕ್ಕೆ ಒಂದು ಮಧ್ಯಾಹ್ನದ ಅವಧಿ ಸಾಕು, ಬೇಕಾದ ಉಪಕರಣವೆಂದರೆ ಒಂದು ಅಡಿಪಟ್ಟಿ.