ಡೊಂಕಿರುವುದು ಕೈ ಅಲ್ಲ, ಪ್ರೋಗ್ರಾಂ

ನಮ್ಮ ಗುಂಪಿನ ಗೆಳತಿಯೊಬ್ಬಳಿಗೆ ಎಡಗೈಯೇ ಬಲ. ಶಾಲೆಯಲ್ಲಿ ಎಡಗೈಲಿ ಬಳಪ ಹಿಡಿದಿದ್ದಕ್ಕೆ ಗೆಣ್ಣಿಗೆ ಏಟು ತಿಂದವಳು. ಈಗ ವರದಿ ಬರೆಯುವುದರ ಜೊತೆಗೆ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಅರ್ಜಿ ತುಂಬುವ ಕೆಲಸ ಮಾಡುತ್ತಾಳೆ. ಒಂದು ಅರ್ಜಿಗೆ ಇಷ್ಟು ಅಂತ ಕೂಲಿ.

ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಅವಳು ಮೌಸಿನ ಎರಡು ಬಟನ್ ಅದಲುಬದಲು ಮಾಡಿಕೊಂಡಳು. ನೋಟ್‌ಪ್ಯಾಡ್‌ನಲ್ಲಿ ಸರಿ, ಬ್ರೌಸರ್‌ನಲ್ಲಿ ಸರಿ. ಆದರೆ ದಿನವಿಡೀ ಕೂಲಿ ಹುಟ್ಟಬೇಕಾದ ಆ ಒಂದು ಪ್ರೋಗ್ರಾಂನಲ್ಲಿ ಮಾತ್ರ ಎಲ್ಲ ಉಲ್ಟಾ. ಸಾಲು ಆರಿಸಲು ಒತ್ತಿದರೆ ಬೇರೇನೋ ಮೆನು ತೆರೆದುಕೊಳ್ಳುತ್ತದೆ. "ಬಲಗೈಯಲ್ಲೇ ರೂಢಿ ಮಾಡ್ಕೋಳಮ್ಮ" ಅಂದರು ಅಂಗಡಿಯವರು. "ಮೌಸ್ ಕೆಟ್ಟಿರಬೇಕು ಕಣೇ" ಅಂದೆವು ನಾವು. ಹೊಸ ಮೌಸ್ ತಂದಳು. ದುಡ್ಡು ಹೋಯಿತು, ತೊಂದರೆ ಹೋಗಲಿಲ್ಲ.

ನಾವು ಹೇಳಿದ್ದು ತಪ್ಪು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಗುತ್ತೇವಲ್ಲ, ಇಲ್ಲಿ ನೆಲ ನಿಜಕ್ಕೂ ಡೊಂಕಾಗಿತ್ತು.

ಹೇಗೆ ಅಂತೀರಾ? ಬಟನ್ ಅದಲುಬದಲು ಮಾಡಿದ್ದನ್ನು ವಿಂಡೋಸ್ ನೆನಪಿಟ್ಟುಕೊಂಡು, ಕ್ಲಿಕ್ಕನ್ನು ತಿರುಗಿಸಿಯೇ ಪ್ರೋಗ್ರಾಂಗೆ ಕೊಡುತ್ತದೆ. ಆದರೆ ಕೆಲವು ಪ್ರೋಗ್ರಾಂಗಳು ಆ ದಾರಿ ಬಿಟ್ಟು, 'ಗೆಟ್ ಅಸಿಂಕ್ ಕೀ ಸ್ಟೇಟ್' ಎಂಬ ಆಜ್ಞೆಯಿಂದ ನೇರವಾಗಿ ಬಟನ್ನನ್ನೇ ನೋಡುತ್ತವೆ. ಆ ಆಜ್ಞೆ ಹೇಳುವುದು ಯಾವ ಬಟನ್ ಒತ್ತಿದ್ದಾರೆ ಎಂಬುದನ್ನು ಮಾತ್ರ, ನಿಮ್ಮ ಸೆಟ್ಟಿಂಗನ್ನಲ್ಲ. 'ಈ ಮನುಷ್ಯ ಬಟನ್ ಬದಲಿಸಿಕೊಂಡಿದ್ದಾನಾ?' ಎಂದು ವಿಂಡೋಸನ್ನು ಕೇಳಲು 'ಎಸ್‌ಎಂ ಸ್ವಾಪ್ ಬಟನ್' ಎಂಬ ಒಂದೇ ಒಂದು ಪ್ರಶ್ನೆ ಸಾಕು. ಅದನ್ನು ಕೇಳುವ ಪುರುಸೊತ್ತು ಪ್ರೋಗ್ರಾಂ ಬರೆದವರಿಗೆ ಇರಲಿಲ್ಲ. ಅದಕ್ಕೆ ದಂಡ ಕಟ್ಟುವವಳು ನಮ್ಮ ಗೆಳತಿ.

ಇನ್ನೊಂದು ತೊಂದರೆ ಪಕ್ಕದ ಬಟನ್‌ಗಳದ್ದು. ಕಾಪಿ, ಪೇಸ್ಟ್ ಅಂತ ಅವಕ್ಕೆ ಕೆಲಸ ಹಚ್ಚಿಕೊಂಡವರು ನಮ್ಮಲ್ಲೂ ಇದ್ದೇವೆ. ಎಲ್ಲೆಡೆ ನಡೆಯುವ ಅವು ಒಂದು ಪ್ರೋಗ್ರಾಂನಲ್ಲಿ ಸತ್ತಂತೆ ಬಿದ್ದಿರುತ್ತವೆ. ಕಾರಣ ಬಹಳ ಸಲ ಇದು: ಆ ಪ್ರೋಗ್ರಾಂ 'ಅಡ್ಮಿನಿಸ್ಟ್ರೇಟರ್' ಅಧಿಕಾರದಲ್ಲಿ ಓಡುತ್ತಿರುತ್ತದೆ, ಮೌಸಿನ ಸಾಫ್ಟ್‌ವೇರ್ ಸಾಮಾನ್ಯ ಅಧಿಕಾರದಲ್ಲಿ. ಕೆಳಗಿನವನು ಮೇಲಿನವನಿಗೆ ಕೀ, ಕ್ಲಿಕ್ ಕಳಿಸದಂತೆ 2007ರಲ್ಲಿ ಬಂದ ವಿಂಡೋಸ್ ವಿಸ್ಟಾದಲ್ಲೇ ಗೋಡೆ ಕಟ್ಟಿದ್ದಾರೆ. ಕಳ್ಳ ಪ್ರೋಗ್ರಾಂಗಳನ್ನು ತಡೆಯಲು ಆ ಗೋಡೆ ಬೇಕು, ನಮ್ಮ ತಕರಾರಿಲ್ಲ. ನಮ್ಮ ತಕರಾರು ಇಷ್ಟೇ: ಬರೀ ಅರ್ಜಿ ತುಂಬುವ ಪ್ರೋಗ್ರಾಂಗೆ ಇಡೀ ಕಂಪ್ಯೂಟರಿನ ಯಜಮಾನಿಕೆ ಯಾಕೆ?

ನೀವು ಮಾಡಬೇಕಾದ್ದು:

1. ಮೊದಲು ನೋಟ್‌ಪ್ಯಾಡ್‌ನಲ್ಲಿ ಪರೀಕ್ಷಿಸಿ. ಅಲ್ಲಿ ನಡೆದರೆ ಮೌಸ್ ಚೆನ್ನಾಗಿದೆ. ಹೊಸದು ಕೊಳ್ಳಬೇಡಿ.

2. ಮೌಸಿನ ಸಾಫ್ಟ್‌ವೇರ್ ತೆರೆದು, ಆ ಪ್ರೋಗ್ರಾಂಗೆ ಬೇರೆ ಪ್ರೊಫೈಲ್ ಇದೆಯೇ ನೋಡಿ. ಇದ್ದರೆ ಅಲ್ಲೂ ಬಟನ್ ಹೊಂದಿಸಿ.

3. ಟಾಸ್ಕ್ ಮ್ಯಾನೇಜರ್‌ನ 'ಡೀಟೇಲ್ಸ್'ನಲ್ಲಿ 'ಎಲಿವೇಟೆಡ್' ಎಂಬ ಕಾಲಂ ಸೇರಿಸಿ. ಪ್ರೋಗ್ರಾಂ ಎದುರು 'ಯೆಸ್' ಇದ್ದರೆ ಗೋಡೆ ಅಲ್ಲಿದೆ. ಪ್ರೋಗ್ರಾಂ ಅನ್ನು ಸಾಮಾನ್ಯ ಅಧಿಕಾರದಲ್ಲಿ ಓಡಿಸಿ ನೋಡಿ. ಆಗದಿದ್ದರೆ ಮೌಸಿನ ಸಾಫ್ಟ್‌ವೇರನ್ನೂ ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಆದರೆ ತಯಾರಕರ ಜಾಲತಾಣದಿಂದ ಇಳಿಸಿದ್ದಾದರೆ ಮಾತ್ರ.

4. ಮೌಸ್ ಕೊಳ್ಳಲೇಬೇಕಾದರೆ ಸೆಟ್ಟಿಂಗ್ ಮೌಸಿನೊಳಗೇ ಉಳಿಯುವಂಥದ್ದು ಕೇಳಿ. ಅದಕ್ಕೆ ಕಂಪ್ಯೂಟರಿನ ಸಾಫ್ಟ್‌ವೇರ್ ಹಂಗಿಲ್ಲ.

"ಎಡಗೈಯವರು ಎಷ್ಟು ಜನ ಮಹಾ?" ಎನ್ನುವವರಿದ್ದಾರೆ. ಲೋಕದಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ಎಡಚರು. ನಲವತ್ತು ಮಕ್ಕಳ ತರಗತಿಯಲ್ಲಿ ನಾಲ್ಕು ಮಕ್ಕಳು. ಅವರ ಗೆಣ್ಣಿಗೆ ಹೊಡೆಯುವುದನ್ನು ತಪ್ಪು ಎಂದು ಮೇಷ್ಟ್ರುಗಳು ಕಲಿತರು. ಪ್ರೋಗ್ರಾಂ ಬರೆಯುವವರು ಯಾವಾಗ ಕಲಿಯುವುದು?

ಹಾಗಾಗಿ ದೂರು ಕೊಡಿ. 'ಮೌಸ್ ಕೆಲಸ ಮಾಡುತ್ತಿಲ್ಲ' ಎಂದು ಬರೆಯಬೇಡಿ, ಮೌಸ್ ಬದಲಿಸಿ ಅಂದುಬಿಡುತ್ತಾರೆ. 'ನಿಮ್ಮ ಪ್ರೋಗ್ರಾಂ ವಿಂಡೋಸಿನ ಬಟನ್ ಸೆಟ್ಟಿಂಗನ್ನು ಓದುತ್ತಿಲ್ಲ, ನೋಟ್‌ಪ್ಯಾಡ್‌ನಲ್ಲಿ ಸರಿಯಿದೆ' ಎಂದು ಬರೆಯಿರಿ. ನಮ್ಮ ಗೆಳತಿ ಹಾಗೇ ಬರೆದಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ. ಬರುವವರೆಗೂ ವಾರಕ್ಕೊಮ್ಮೆ ನಾವೂ ಬರೆಯುತ್ತೇವೆ.